ಮೊಸರಿನ ಬ್ಯಾಕ್ಟೀರಿಯಾ ಗುಲಾಬಿಯಾಗಿ ಕಾಣುತ್ತಿದೆಯೇ? ಗ್ರಾಂ ಬಣ್ಣ ಪರೀಕ್ಷೆಯ ಸಮಗ್ರ ಮಾರ್ಗದರ್ಶಿ

ಗ್ರಾಂ ಬಣ್ಣ ಪರೀಕ್ಷೆ ಬ್ಯಾಕ್ಟೀರಿಯಾಗಳನ್ನು ಬಣ್ಣ ಹಾಕಿ ಎರಡು ಗುಂಪು ಮಾಡುತ್ತದೆ: ನೇರಳೆಯನ್ನು ಉಳಿಸಿಕೊಳ್ಳುವವು ಗ್ರಾಂ ಪಾಸಿಟಿವ್, ಅದನ್ನು ಬಿಟ್ಟು ಗುಲಾಬಿಯಾಗುವವು ಗ್ರಾಂ ನೆಗೆಟಿವ್. ಮೊಸರಿನಲ್ಲಿರುವ ಬ್ಯಾಕ್ಟೀರಿಯಾಗಳು ಗ್ರಾಂ ಪಾಸಿಟಿವ್, ಅಂದರೆ ನೇರಳೆಯಾಗಿ ಕಾಣಬೇಕು. ಪಠ್ಯದಲ್ಲಿ ಹೀಗೆ ಓದಿಕೊಂಡು ಸ್ಲೈಡ್ ತಯಾರಿಸಿದರೆ ಕೆಲವರಿಗೆ ಎಲ್ಲವೂ ಗುಲಾಬಿ. ಕೆಲವರಿಗೆ ಹಿನ್ನೆಲೆಯೂ ಸೇರಿ ಎಲ್ಲವೂ ನೇರಳೆ. ಇನ್ನು ಕೆಲವರಿಗೆ ನೀಲಿ ಕಸದ ರಾಶಿಯ ಹೊರತು ಏನೂ ಕಾಣುವುದಿಲ್ಲ. ಆಗ ಬೈಗುಳ ತಿನ್ನುವುದು ಬಣ್ಣದ ಸೀಸೆ. ಸೀಸೆಯ ತಪ್ಪು ಅಪರೂಪ. ಬಹುತೇಕ ಸ್ಲೈಡುಗಳು ಕೆಡುವುದು ಎರಡೇ ಕಡೆ: ಬಣ್ಣ ಮುಟ್ಟುವ ಮೊದಲೇ ಲೇಪ (ಸ್ಲೈಡಿನ ಮೇಲೆ ಹರಡಿದ ಮಾದರಿ) ದಪ್ಪವಾದಾಗ, ಮತ್ತು ಆಲ್ಕೋಹಾಲ್ ಸುರಿಯುವ ಆ ಹತ್ತು ಹದಿನೈದು ಸೆಕೆಂಡುಗಳಲ್ಲಿ. ಈ ಬರಹ ಮುಖ್ಯವಾಗಿ ಆ ಎರಡು ಜಾಗಗಳ ಸುತ್ತಲೇ ಇದೆ. ಉಳಿದ ಹಂತಗಳನ್ನು ಅನುಕ್ರಮ ತಪ್ಪದಂತೆ ಮಾಡಿಕೊಂಡು ಹೋದರೆ ಸಾಕು.

## ಮೇಜಿನ ಮೇಲೆ ಇರಬೇಕಾದವು

ಗಾಜಿನ ಸ್ಲೈಡುಗಳು, ಲೂಪ್ (ತುದಿಯಲ್ಲಿ ಸಣ್ಣ ಉಂಗುರವಿರುವ ತಂತಿ), ಸ್ಪಿರಿಟ್ ಲ್ಯಾಂಪ್, ಬಟ್ಟೆ ಒಣಹಾಕುವ ಕ್ಲಿಪ್ಪು ಅಥವಾ ಸ್ಲೈಡ್ ಹಿಡಿಯುವ ಚಿಮಟ, ಡ್ರಾಪರ್ ಇರುವ ನಾಲ್ಕು ಸೀಸೆ, ಭಟ್ಟಿ ಇಳಿಸಿದ ನೀರು, ಬ್ಲಾಟಿಂಗ್ ಪೇಪರ್, ಸೆಕೆಂಡು ತೋರಿಸುವ ಗಡಿಯಾರ, ಕೈಗವಸು. ಸೂಕ್ಷ್ಮದರ್ಶಕದಲ್ಲಿ 100ರ ಎಣ್ಣೆ ಮಸೂರ, ಅಂದರೆ ಎಣ್ಣೆಯ ಹನಿಯ ಮೂಲಕ ನೋಡುವ 100 ಪಟ್ಟಿನ ಮಸೂರ, ಇರಲೇಬೇಕು. ಅದಿಲ್ಲದೆ ಬಣ್ಣ ಹಾಕಿಯೂ ಪ್ರಯೋಜನವಿಲ್ಲ, ಏಕೆಂದರೆ 40ರ ಮಸೂರದಲ್ಲಿ ಬ್ಯಾಕ್ಟೀರಿಯಾ ಬರೀ ಚುಕ್ಕಿ.

ನಾಲ್ಕು ಸೀಸೆಗಳಲ್ಲಿ ಇರುವುದು ಕ್ರಿಸ್ಟಲ್ ವಯಲೆಟ್ (ನೇರಳೆ ಬಣ್ಣ), ಗ್ರಾಂ ಅಯೋಡಿನ್, 95% ಎಥನಾಲ್ (ಮೇಲೆ ಹೇಳಿದ ಆಲ್ಕೋಹಾಲ್) ಮತ್ತು ಸಫ್ರಾನಿನ್ (ಕೆಂಪು ಬಣ್ಣ). ಕಾಲೇಜಿನಲ್ಲಿ ಇವು ಸಿದ್ಧವಾಗಿ ಸಿಗುತ್ತವೆ. ನೀವೇ ತಯಾರಿಸುವುದಾದರೆ ಅಳತೆ ಹೀಗೆ:

ಕ್ರಿಸ್ಟಲ್ ವಯಲೆಟ್: 2 ಗ್ರಾಂ ಬಣ್ಣವನ್ನು 20 ಮಿಲಿ 95% ಎಥನಾಲಿನಲ್ಲಿ ಕರಗಿಸಿ. ಬೇರೆ ಪಾತ್ರೆಯಲ್ಲಿ 0.8 ಗ್ರಾಂ ಅಮೋನಿಯಂ ಆಕ್ಸಲೇಟನ್ನು 80 ಮಿಲಿ ಭಟ್ಟಿ ನೀರಿನಲ್ಲಿ ಕರಗಿಸಿ. ಎರಡನ್ನೂ ಸೇರಿಸಿ ಒಂದು ದಿನ ಬಿಟ್ಟು ಫಿಲ್ಟರ್ ಪೇಪರಿನಲ್ಲಿ ಸೋಸಿ. ಸೋಸದೆ ಬಳಸಿದರೆ ಬಣ್ಣದ ಹರಳುಗಳು ಸ್ಲೈಡಿಗೆ ಅಂಟಿ, ಬ್ಯಾಕ್ಟೀರಿಯಾ ಎಂದು ನಂಬಿಸುತ್ತವೆ.

ಗ್ರಾಂ ಅಯೋಡಿನ್: 1 ಗ್ರಾಂ ಅಯೋಡಿನ್, 2 ಗ್ರಾಂ ಪೊಟ್ಯಾಸಿಯಂ ಅಯೋಡೈಡ್, 300 ಮಿಲಿ ನೀರು. ಇಲ್ಲಿ ಎಲ್ಲರೂ ಮುಗ್ಗರಿಸುವುದು ಒಂದೇ ಕಡೆ. ಅಯೋಡಿನ್ ಹರಳುಗಳನ್ನು ನೇರವಾಗಿ 300 ಮಿಲಿ ನೀರಿಗೆ ಹಾಕಿ ಗಂಟೆಗಟ್ಟಲೆ ಕಲಕುತ್ತಾರೆ. ಬರೀ ನೀರಿನಲ್ಲಿ ಅಯೋಡಿನ್ ಕರಗುವುದು ತೀರಾ ಕಡಿಮೆ. ಮೊದಲು ಪೊಟ್ಯಾಸಿಯಂ ಅಯೋಡೈಡನ್ನು ಕೆಲವೇ ಮಿಲಿ ನೀರಿನಲ್ಲಿ ಕರಗಿಸಿ, ಆ ಗಾಢ ದ್ರಾವಣಕ್ಕೆ ಅಯೋಡಿನ್ ಹಾಕಿ. ಅಯೋಡಿನ್ ಅಣು ಅಯೋಡೈಡ್ ಅಯಾನಿನ ಜೊತೆ ಸೇರಿ ಟ್ರೈಅಯೋಡೈಡ್ ಆಗುತ್ತದೆ, ಅದು ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಹರಳು ಪೂರ್ತಿ ಮಾಯವಾದ ಮೇಲೆ ಉಳಿದ ನೀರು ಸೇರಿಸಿ, ಕಂದು ಸೀಸೆಯಲ್ಲಿ ಇಡಿ. ಅಯೋಡಿನ್ ಆವಿ ಕಣ್ಣು ಮೂಗಿಗೆ ಒಳ್ಳೆಯದಲ್ಲ, ಕಿಟಕಿ ತೆರೆದಿರಲಿ.

ಸಫ್ರಾನಿನ್: 0.25 ಗ್ರಾಂ ಪುಡಿಯನ್ನು 10 ಮಿಲಿ 95% ಎಥನಾಲಿನಲ್ಲಿ ಕರಗಿಸಿ 100 ಮಿಲಿ ನೀರು ಸೇರಿಸಿ.

ಬದಲಿ ವಸ್ತುಗಳ ಬಗ್ಗೆ ಒಂದು ಮಾತು. ಕೈಗೆ ಹಚ್ಚುವ ಸ್ಯಾನಿಟೈಸರ್ ಎಥನಾಲಿಗೆ ಬದಲಿಯಲ್ಲ. ಅದರಲ್ಲಿ ನೀರಿನ ಪಾಲು ಹೆಚ್ಚು, ಸಾಮಾನ್ಯವಾಗಿ ಗ್ಲಿಸರಿನ್ ಅಥವಾ ಜೆಲ್ ಕೂಡ ಇರುತ್ತದೆ, ಹೀಗಾಗಿ ಸಮಯದ ಅಂದಾಜು ಸಿಗುವುದಿಲ್ಲ. ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ಕೂಡ ಗ್ರಾಂ ಅಯೋಡಿನ್ ಅಲ್ಲ, ಮೊದಲ ಸಲ ಕಲಿಯುವವರು ಅದರ ಗೋಜಿಗೆ ಹೋಗಬೇಡಿ.

## ಹಂತ 1: ಸರಿಯಾದ ಮೊಸರು, ಸರಿಯಾದ ವಯಸ್ಸು

ಹಿಂದಿನ ರಾತ್ರಿ ಹೆಪ್ಪು ಹಾಕಿ ಬೆಳಿಗ್ಗೆ ಗಟ್ಟಿಯಾದ ಮೊಸರು ಬೇಕು. ಫ್ರಿಜ್ಜಿನಲ್ಲಿ ನಾಲ್ಕು ದಿನ ಕುಳಿತು ಹುಳಿ ಬಂದ ಮೊಸರು ಬೇಡ. ಕಾರಣ ಕೋಶದ ಹೊರಗೋಡೆಯಲ್ಲಿದೆ. ಬ್ಯಾಕ್ಟೀರಿಯಾ ಹಳೆಯದಾದಂತೆ ಅದರದೇ ಕಿಣ್ವಗಳು ಕೋಶಭಿತ್ತಿಯನ್ನು ಅಲ್ಲಲ್ಲಿ ಕತ್ತರಿಸುತ್ತವೆ. ಬಿರುಕು ಬಿಟ್ಟ ಭಿತ್ತಿ ನೇರಳೆ ಬಣ್ಣವನ್ನು ಹಿಡಿದುಕೊಳ್ಳಲಾರದು. ಗ್ರಾಂ ಪಾಸಿಟಿವ್ ಜೀವಿ ಗುಲಾಬಿಯಾಗಿ ಕಾಣುವುದಕ್ಕೆ ಇದು ಅತಿ ಸಾಮಾನ್ಯ ಕಾರಣಗಳಲ್ಲಿ ಒಂದು. ಒಂದೇ ಸರಪಳಿಯಲ್ಲಿ ಎರಡು ಕೋಶ ನೇರಳೆ, ಪಕ್ಕದ ಎರಡು ಗುಲಾಬಿ ಇದ್ದರೆ ಮಾದರಿ ಹಳೆಯದು ಎಂದೇ ಮೊದಲು ಸಂಶಯಪಡಿ.

ಕೆನೆ ತೆಗೆದ ಹಾಲಿನ ಮೊಸರಾದರೆ ಇನ್ನೂ ಒಳ್ಳೆಯದು. ಎಮ್ಮೆ ಹಾಲಿನ ಗಟ್ಟಿ ಮೊಸರು ಊಟಕ್ಕೆ ಸೊಗಸು, ಸ್ಲೈಡಿಗೆ ಶತ್ರು. ಕೊಬ್ಬಿನ ಹನಿಗಳಿರುವ ಜಾಗಕ್ಕೆ ನೀರಿನಲ್ಲಿ ಕರಗಿದ ಬಣ್ಣ ಇಳಿಯುವುದಿಲ್ಲ. ಆಮೇಲೆ ಆಲ್ಕೋಹಾಲ್ ಬಿದ್ದಾಗ ಕೊಬ್ಬು ಸಡಿಲವಾಗಿ ಲೇಪವೇ ಸಿಪ್ಪೆಯಂತೆ ಎದ್ದು ಹೋಗುವುದುಂಟು.

ಮೊಸರಿನ ಗಡ್ಡೆಯನ್ನು ಮುಟ್ಟಬೇಡಿ. ಚಮಚದಿಂದ ಒಂದು ಗುಳಿ ಮಾಡಿ ಐದು ನಿಮಿಷ ಬಿಟ್ಟರೆ ಅದರಲ್ಲಿ ಹಸಿರುಹಳದಿ ಛಾಯೆಯ ತಿಳಿ ನೀರು ಸೇರುತ್ತದೆ. ನಮಗೆ ಬೇಕಾದುದು ಅದು. ಒಂದು ಹನಿ ತಿಳಿಗೆ ಒಂಬತ್ತು ಹನಿ ಭಟ್ಟಿ ನೀರು ಸೇರಿಸಿ ಅಲ್ಲಾಡಿಸಿ. ಹಾಲಿನ ಪ್ರೋಟೀನಾದ ಕೇಸೀನ್ ಹುಳಿಯಲ್ಲಿ ಗಂಟುಗಟ್ಟಿರುತ್ತದೆ, ಆ ಗಂಟುಗಳೂ ಬಣ್ಣ ಹೀರುತ್ತವೆ. ನೀರು ಸೇರಿಸಿದರೆ ಕೇಸೀನೂ ವಿರಳವಾಗುತ್ತದೆ, ಹುಳಿಯೂ ಇಳಿಯುತ್ತದೆ. ಹುಳಿ ಹೆಚ್ಚಿದ್ದಲ್ಲಿ ಕ್ರಿಸ್ಟಲ್ ವಯಲೆಟ್‌ನಂತಹ ಧನ ಆವೇಶದ ಬಣ್ಣ ಕೋಶಕ್ಕೆ ಅಂಟುವುದು ಕಡಿಮೆ.

## ಹಂತ 2: ಸ್ಲೈಡಿನ ಜಿಡ್ಡು ತೆಗೆಯಿರಿ

ಹೊಸ ಪೆಟ್ಟಿಗೆಯ ಸ್ಲೈಡ್ ಕೂಡ ಶುದ್ಧವಲ್ಲ. ಎಥನಾಲ್ ಹಾಕಿ ಒರೆಸಿ, ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಹರಡಿಕೊಂಡರೆ ಸ್ಲೈಡ್ ಸಿದ್ಧ. ಕೆಸುವಿನ ಎಲೆಯ ಮೇಲಿನಂತೆ ಗುಂಡಗೆ ನಿಂತರೆ ಜಿಡ್ಡು ಉಳಿದಿದೆ, ಮತ್ತೆ ಒರೆಸಿ.

ಸ್ಲೈಡಿನ ಅಡಿಭಾಗದಲ್ಲಿ ಎರಡು ವೃತ್ತ ಬರೆಯಿರಿ, ಒಂದರಿಂದೊಂದು ದೂರವಿರಲಿ. ಮಾರ್ಕರ್ ಪೆನ್ನಿನಿಂದ ಮೇಲ್ಭಾಗದಲ್ಲಿ ಬರೆದರೆ ಆಲ್ಕೋಹಾಲ್ ಹಂತದಲ್ಲಿ ಆ ಶಾಯಿಯೂ ಕರಗಿ ಹರಿಯುತ್ತದೆ. ನೀವು ಅದನ್ನು ಕ್ರಿಸ್ಟಲ್ ವಯಲೆಟ್ ಎಂದುಕೊಂಡು ಆಲ್ಕೋಹಾಲ್ ಸುರಿಯುತ್ತಲೇ ಇರುತ್ತೀರಿ. ಉಜ್ಜಿದ ಅಂಚಿರುವ ಸ್ಲೈಡಾದರೆ ಹೆಸರನ್ನು ಪೆನ್ಸಿಲಿನಲ್ಲಿ ಬರೆಯುವುದು ಲೇಸು.

## ಹಂತ 3: ಲೇಪ, ಮತ್ತು ಪಕ್ಕದಲ್ಲೊಂದು ಸಾಕ್ಷಿ

ಎಡ ವೃತ್ತಕ್ಕೆ ತೆಳು ಮಾಡಿದ ಮೊಸರಿನ ತಿಳಿ. ಲೂಪನ್ನು ಕೆಂಪಗೆ ಕಾಯಿಸಿ, ಆರಲು ಬಿಟ್ಟು, ಒಂದು ಲೂಪಿನಷ್ಟು ತಿಳಿ ತೆಗೆದು ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಹರಡಿ. ಬಿಸಿ ಲೂಪನ್ನು ನೇರ ಅದ್ದಿದರೆ ದ್ರವ ಸಿಡಿಯುತ್ತದೆ.

ಬಲ ವೃತ್ತವೇ ಈ ಪರೀಕ್ಷೆಯನ್ನು ಕಾಪಾಡುವುದು, ಹೆಚ್ಚಿನವರು ಬಿಡುವುದೂ ಅದನ್ನೇ. ಅಲ್ಲಿ ಒಂದು ಹನಿ ಭಟ್ಟಿ ನೀರು ಹಾಕಿ. ಹಲ್ಲುಕಡ್ಡಿಯ ಮೊಂಡು ತುದಿಯಿಂದ ನಿಮ್ಮದೇ ಹಲ್ಲು ಮತ್ತು ಒಸಡು ಸೇರುವ ಜಾಗವನ್ನು ಮೆಲ್ಲಗೆ ಕೆರೆದು, ಅದೇ ಕಡ್ಡಿಯಿಂದ ಕೆನ್ನೆಯ ಒಳಗೋಡೆಯನ್ನೂ ಒಮ್ಮೆ ಸವರಿ, ಆ ಹನಿಯಲ್ಲಿ ಹರಡಿ. ಈ ಲೇಪದಲ್ಲಿ ಗ್ರಾಂ ಪಾಸಿಟಿವ್ ಮತ್ತು ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳೆರಡೂ ಇರುತ್ತವೆ, ಕೆನ್ನೆಯ ಕೋಶಗಳೂ ಇರುತ್ತವೆ. ಕೆನ್ನೆಯ ಕೋಶ ನಮ್ಮ ದೇಹದ್ದು; ಅದಕ್ಕೆ ಕೋಶಪೊರೆ ಇದೆ, ಕೋಶಭಿತ್ತಿ ಇಲ್ಲ. ಭಿತ್ತಿಯೇ ಇಲ್ಲದ ಕೋಶ ನೇರಳೆಯನ್ನು ಉಳಿಸಿಕೊಳ್ಳಬಾರದು. ಆದ್ದರಿಂದ ಕೊನೆಯಲ್ಲಿ ಆ ಕೋಶಕೇಂದ್ರ ಗುಲಾಬಿಯಾಗಿದ್ದರೆ ಮಾತ್ರ ನಿಮ್ಮ ಆಲ್ಕೋಹಾಲ್ ಹಂತ ಸಾಕಷ್ಟು ಆಗಿದೆ ಎಂದರ್ಥ. ನೇರಳೆಯಾಗಿ ಉಳಿದರೆ ಮೊಸರಿನ ಫಲಿತಾಂಶವನ್ನೂ ನಂಬಬೇಡಿ. ಕಾಲೇಜಿನಲ್ಲಿ ಬ್ಯಾಸಿಲಸ್ ಸಬ್ಟಿಲಿಸ್ (ಗ್ರಾಂ ಪಾಸಿಟಿವ್) ಮತ್ತು ಇ. ಕೋಲಿಯ (ಗ್ರಾಂ ನೆಗೆಟಿವ್) ನಿರುಪದ್ರವಿ ತಳಿ ಇದ್ದರೆ ಅವುಗಳನ್ನೂ ಸಾಕ್ಷಿಯಾಗಿ ಬಳಸಬಹುದು. ಬಾಯಿಯ ಮಾದರಿಯನ್ನು ಮಾತ್ರ ಮನೆಯಲ್ಲಿ ಅಗಾರ್ ತಟ್ಟೆಯ ಮೇಲೆ ಬೆಳೆಸಲು ಹೋಗಬೇಡಿ. ಸ್ಲೈಡಿನಲ್ಲಿ ಸಾಯುವ ಕೆಲವು ಜೀವಿಗಳು ಬೇರೆ, ಕೋಟಿಗಟ್ಟಲೆ ಬೆಳೆದವು ಬೇರೆ.

ದಪ್ಪ ಎಷ್ಟಿರಬೇಕು? ಒಣಗಿದ ಲೇಪದ ಕೆಳಗೆ ವೃತ್ತಪತ್ರಿಕೆ ಇಟ್ಟರೆ ಅಕ್ಷರ ಸಲೀಸಾಗಿ ಓದಬೇಕು. ಲೇಪ ಕಣ್ಣಿಗೆ ತೆಳು ಮಂಜಿನ ಕಲೆಯಷ್ಟೇ ಕಾಣಬೇಕು. ಬಿಳಿ ಪೊರೆ ಎದ್ದು ಕಂಡರೆ ಆ ಸ್ಲೈಡನ್ನು ಅಲ್ಲಿಗೇ ಬಿಟ್ಟು ಹೊಸದು ಮಾಡಿ. "ಹೇಗೂ ಆಗಿದೆ, ಬಣ್ಣ ಹಾಕಿ ನೋಡೋಣ" ಎನ್ನುವ ಉದಾರತೆಯೇ ಮುಂದಿನ ಅರ್ಧ ಗಂಟೆಯನ್ನು ತಿನ್ನುವುದು.

## ಹಂತ 4: ಒಣಗಿಸಿ, ಆಮೇಲೆ ಬಿಸಿ ಮಾಡಿ

ಈ ಎರಡು ಕೆಲಸಗಳ ಅನುಕ್ರಮ ತಪ್ಪಬಾರದು. ಮೊದಲು ಗಾಳಿಯಲ್ಲಿ ಪೂರ್ತಿ ಒಣಗಬೇಕು. ಹಸಿ ಲೇಪವನ್ನು ಜ್ವಾಲೆಗೆ ಹಿಡಿದರೆ ನೀರು ಕುದಿದು ಕೋಶಗಳು ಒಡೆಯುತ್ತವೆ. ಮಳೆಗಾಲದ ಮಲೆನಾಡು, ಕರಾವಳಿಗಳಲ್ಲಿ ಲೇಪ ಒಣಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಫ್ಯಾನಿನಡಿ ಇಡಿ, ಊದಬೇಡಿ.

ಒಣಗಿದ ಮೇಲೆ ಲೇಪದ ಮುಖ ಮೇಲಿರುವಂತೆ ಸ್ಲೈಡನ್ನು ಜ್ವಾಲೆಯ ಮೇಲೆ ಎರಡು ಮೂರು ಸಲ ಚುರುಕಾಗಿ ಹಾಯಿಸಿ. ಪ್ರತಿ ಸಲ ಸ್ಲೈಡಿನ ಅಡಿಯನ್ನು ಅಂಗೈ ಹಿಂಭಾಗಕ್ಕೆ ತಾಗಿಸಿ: ಬೆಚ್ಚಗಿರಬೇಕು, ಸುಡಬಾರದು. ಶಾಖದಿಂದ ಪ್ರೋಟೀನು ಗಟ್ಟಿಯಾಗಿ ಕೋಶ ಗಾಜಿಗೆ ಅಂಟುತ್ತದೆ, ಕೋಶ ಸಾಯುತ್ತದೆ. ಅತಿಯಾದರೆ ಭಿತ್ತಿ ಹಾಳಾಗಿ ಗ್ರಾಂ ಪಾಸಿಟಿವ್ ಕೋಶವೂ ಗುಲಾಬಿಯಾಗುತ್ತದೆ, ಕಡ್ಡಿಗಳು ಸೊಟ್ಟಗಾಗುತ್ತವೆ. ಪ್ರಯೋಗಾಲಯದಲ್ಲಿ ಮೆಥನಾಲ್ ಇದ್ದರೆ ಜ್ವಾಲೆಯ ಬದಲು ಅದನ್ನು ಎರಡು ನಿಮಿಷ ಲೇಪದ ಮೇಲೆ ಬಿಟ್ಟು ಗಾಳಿಯಲ್ಲಿ ಒಣಗಿಸಬಹುದು. ಕೋಶದ ಆಕಾರ ಇದರಲ್ಲಿ ಚೆನ್ನಾಗಿ ಉಳಿಯುತ್ತದೆ. ಆದರೆ ಮೆಥನಾಲ್ ವಿಷ, ಬೆಂಕಿಯೂ ತಟ್ಟನೆ ಹಿಡಿಯುತ್ತದೆ, ಮನೆಯಲ್ಲಿ ಬೇಡ.

ಬಿಸಿ ಮಾಡುವುದು ಮುಗಿಯಿತೇ? ಸ್ಪಿರಿಟ್ ಲ್ಯಾಂಪನ್ನು ಈಗಲೇ ಆರಿಸಿ. ಇನ್ನು ಸ್ವಲ್ಪ ಹೊತ್ತಿನಲ್ಲಿ ಅದೇ ಮೇಜಿನ ಮೇಲೆ ಎಥನಾಲ್ ಸುರಿಯಲಿದ್ದೀರಿ. ಸ್ಲೈಡ್ ತಣ್ಣಗಾಗುವವರೆಗೆ ಕಾಯಿರಿ, ಬಿಸಿ ಗಾಜಿನ ಮೇಲೆ ಬಿದ್ದ ಬಣ್ಣ ಹರಳುಗಟ್ಟುತ್ತದೆ.

## ಬಣ್ಣ ಏಕೆ ನಿಲ್ಲುತ್ತದೆ

ಇದನ್ನು ಓದದೆ ಮುಂದೆ ಹೋಗುವವರೇ ಆಲ್ಕೋಹಾಲ್ ಹಂತದಲ್ಲಿ ತಡಕಾಡುವುದು. ಬ್ಯಾಕ್ಟೀರಿಯಾದ ಭಿತ್ತಿಯ ಮುಖ್ಯ ವಸ್ತು ಪೆಪ್ಟಿಡೋಗ್ಲೈಕಾನ್: ಸಕ್ಕರೆ ಅಣುಗಳ ಉದ್ದನೆಯ ಎಳೆಗಳನ್ನು ಚಿಕ್ಕ ಚಿಕ್ಕ ಪೆಪ್ಟೈಡುಗಳು ಅಡ್ಡಡ್ಡ ಹೆಣೆದ ಜಾಲ. ಗ್ರಾಂ ಪಾಸಿಟಿವ್ ಕೋಶದಲ್ಲಿ ಈ ಜಾಲ ಪದರದ ಮೇಲೆ ಪದರವಾಗಿ 20ರಿಂದ 80 ನ್ಯಾನೋಮೀಟರ್ ದಪ್ಪ ಇರುತ್ತದೆ. ಗ್ರಾಂ ನೆಗೆಟಿವ್ ಕೋಶದಲ್ಲಿ ಕೆಲವೇ ನ್ಯಾನೋಮೀಟರ್, ಅದರ ಹೊರಗೆ ಕೊಬ್ಬಿನಂಶವುಳ್ಳ ಇನ್ನೊಂದು ಪೊರೆ.

ಕ್ರಿಸ್ಟಲ್ ವಯಲೆಟ್ ನೀರಿನಲ್ಲಿ ಧನ ಅಯಾನಾಗುತ್ತದೆ. ಕೋಶದ ಭಿತ್ತಿಯಲ್ಲೂ ಒಳಗಿನ ನ್ಯೂಕ್ಲಿಯಿಕ್ ಆಮ್ಲಗಳಲ್ಲೂ ಋಣ ಆವೇಶವಿದೆ. ಎರಡೂ ಬಗೆಯ ಕೋಶಗಳು ಅದನ್ನು ಸಮಾನವಾಗಿ ಹೀರುತ್ತವೆ. ಅಯೋಡಿನ್ ಬಂದಾಗ ಬಣ್ಣದ ಜೊತೆ ಸೇರಿ ದೊಡ್ಡ ಸಂಕೀರ್ಣವಾಗುತ್ತದೆ. ಅದು ನೀರಿನಲ್ಲಿ ಕರಗುವುದಿಲ್ಲ. ಇಲ್ಲಿಯವರೆಗೆ ಎರಡು ಬಗೆಯ ಕೋಶಗಳ ನಡುವೆ ಯಾವ ವ್ಯತ್ಯಾಸವೂ ಇಲ್ಲ, ಎಲ್ಲವೂ ನೇರಳೆ. ಎಥನಾಲ್ ಬಿದ್ದಾಗ ದಪ್ಪ ಜಾಲ ನೀರು ಕಳೆದುಕೊಂಡು ಕುಗ್ಗಿ ಕಂಡಿಗಳು ಮುಚ್ಚಿಕೊಳ್ಳುತ್ತವೆ; ಸಂಕೀರ್ಣ ಒಳಗೇ ಸಿಕ್ಕಿಬೀಳುತ್ತದೆ. ಗ್ರಾಂ ನೆಗೆಟಿವ್ ಕೋಶದಲ್ಲಿ ಹೊರಪೊರೆ ಹಾಳಾಗಿ, ತೆಳು ಜಾಲ ತಡೆಯಲಾರದೆ ಬಣ್ಣ ಹೊರಹರಿಯುತ್ತದೆ. ಆದರೆ ದಪ್ಪ ಜಾಲದ ತಡೆಯೂ ಶಾಶ್ವತವಲ್ಲ. ಎಥನಾಲ್ ಬೇಕಾದುದಕ್ಕಿಂತ ಹೆಚ್ಚು ಹೊತ್ತು ಹರಿದರೆ ಗ್ರಾಂ ಪಾಸಿಟಿವ್ ಕೂಡ ಬಣ್ಣ ಬಿಡುತ್ತದೆ. ಅಂದರೆ ಈ ಪರೀಕ್ಷೆ ಕೇಳುವ ಪ್ರಶ್ನೆ ಯಾರಿಗೆ ಬಣ್ಣ ಹತ್ತಿತು ಎಂಬುದಲ್ಲ, ಯಾರು ಬೇಗ ಬಿಟ್ಟರು ಎಂಬುದು.

## ಹಂತ 5: ಕ್ರಿಸ್ಟಲ್ ವಯಲೆಟ್, 1 ನಿಮಿಷ

ಎರಡೂ ವೃತ್ತ ಪೂರ್ತಿ ಮುಳುಗುವಷ್ಟು ಹಾಕಿ. ನಿಮಿಷದ ನಂತರ ಸ್ಲೈಡನ್ನು ಓರೆ ಹಿಡಿದು ಮೇಲಿನ ತುದಿಯಿಂದ ಸಣ್ಣ ಧಾರೆಯಲ್ಲಿ ನೀರು ಬಿಡಿ, ಎರಡು ಮೂರು ಸೆಕೆಂಡು ಸಾಕು. ನಲ್ಲಿಯ ಬಿರುಸಾದ ಧಾರೆಯನ್ನು ಲೇಪದ ಮೇಲೆ ನೇರವಾಗಿ ಬಿಡಬೇಡಿ. ಅಯೋಡಿನ್ ಸೇರುವ ಮೊದಲು ಈ ಬಣ್ಣ ನೀರಿನಲ್ಲಿ ಕರಗುತ್ತದೆ, ಆದ್ದರಿಂದ "ಚೆನ್ನಾಗಿ ತೊಳೆಯೋಣ" ಎಂದು ಅರ್ಧ ನಿಮಿಷ ತೊಳೆದರೆ ಬಣ್ಣವೇ ಹೋಗುತ್ತದೆ.

ಕೈಗವಸು ಬಿಡಬೇಡಿ. ಈ ಬಣ್ಣ ಚರ್ಮದಿಂದ ದಿನಗಟ್ಟಲೆ ಹೋಗುವುದಿಲ್ಲ, ಬಟ್ಟೆಯಿಂದಂತೂ ಹೋಗುವುದೇ ಇಲ್ಲ.

## ಹಂತ 6: ಅಯೋಡಿನ್, 1 ನಿಮಿಷ

ಸ್ಲೈಡಿನ ಮೇಲಿನ ನೀರನ್ನು ಬಸಿದು ಅಯೋಡಿನ್ ಹಾಕಿ. ನಿಮಿಷ ಕಳೆದ ಮೇಲೆ ಮೆಲ್ಲಗೆ ತೊಳೆಯಿರಿ.

ಈ ಹಂತದಲ್ಲಿ ಕೆಡುವುದು ಒಂದೇ, ಹಳೆಯ ಅಯೋಡಿನ್. ಸೀಸೆಯ ದ್ರಾವಣ ಜೇನಿನಂತೆ ಕಂದಾಗಿರಬೇಕು. ನಸುಹಳದಿಗೆ ತಿರುಗಿದ್ದರೆ ಸತ್ವ ಹೋಗಿದೆ. ಸಂಶಯವಿದ್ದರೆ ಒಂದು ಹನಿಯನ್ನು ಅನ್ನದ ಗಂಜಿಯ ಮೇಲೆ ಬಿಡಿ. ತಟ್ಟನೆ ಕಡುನೀಲಿ ಬಾರದಿದ್ದರೆ ಹೊಸದಾಗಿ ತಯಾರಿಸಿಕೊಳ್ಳಿ. ಸತ್ವವಿಲ್ಲದ ಅಯೋಡಿನ್ ಬಳಸಿದರೆ ಬಣ್ಣ ಕೋಶದೊಳಗೆ ಗಟ್ಟಿಯಾಗಿ ಕೂರುವುದಿಲ್ಲ, ಆಲ್ಕೋಹಾಲಿನಲ್ಲಿ ಎಲ್ಲ ಕೋಶಗಳೂ ಬೆತ್ತಲಾಗುತ್ತವೆ.

## ಹಂತ 7: ಆಲ್ಕೋಹಾಲ್, ಗಡಿಯಾರಕ್ಕಿಂತ ಕಣ್ಣು ಮುಖ್ಯ

ಮೊದಲು ಸ್ಲೈಡನ್ನು ಕೊಡವಿ ನೀರು ಬಸಿಯಿರಿ. ಮೇಲೆ ನೀರು ನಿಂತಿದ್ದರೆ ನಿಮ್ಮ 95% ಎಥನಾಲ್ ಎಷ್ಟಕ್ಕೆ ಇಳಿಯಿತೋ ಹೇಳಲಾಗದು.

ತೊಳೆಯುವ ನೀರಿನ ಸೀಸೆಯನ್ನು ಎಡಗೈಗೆ ಎಟುಕುವಂತೆ ಇಟ್ಟುಕೊಳ್ಳಿ. ಈಗ ಹುಡುಕಲು ಸಮಯವಿರುವುದಿಲ್ಲ. ಸ್ಲೈಡನ್ನು ಬಿಳಿ ತಟ್ಟೆ ಅಥವಾ ಬಿಳಿ ಬೇಸಿನ್ನಿನ ಮೇಲೆ ಓರೆಯಾಗಿ ಹಿಡಿದು, ಮೇಲಿನ ತುದಿಯಿಂದ ಎಥನಾಲನ್ನು ಹನಿಹನಿಯಾಗಿ ಬಿಡಿ. ನೋಡಬೇಕಾದುದು ಲೇಪವನ್ನಲ್ಲ, ಕೆಳಗಿನ ಅಂಚಿನಿಂದ ತೊಟ್ಟಿಕ್ಕುವ ಹನಿಯನ್ನು. ಮೊದಲ ಹನಿಗಳು ಕಡುನೇರಳೆ. ಆಮೇಲೆ ತಿಳಿನೇರಳೆ. ಮತ್ತೆ ಒಂದೆರಡು ಹನಿ ಕಳೆದರೆ ಬಿಳಿ ತಟ್ಟೆಯ ಮೇಲೆ ನೇರಳೆಯ ನೆರಳಷ್ಟೇ. ಹನಿ ನಿರ್ಬಣ್ಣವಾದ ಗಳಿಗೆಯಲ್ಲೇ ನಿಲ್ಲಿಸಿ, ಕೂಡಲೇ ನೀರು ಬಿಡಿ. ತೆಳು ಲೇಪಕ್ಕೆ 95% ಎಥನಾಲಿನಲ್ಲಿ ಇದು ಸಾಮಾನ್ಯವಾಗಿ 10ರಿಂದ 15 ಸೆಕೆಂಡಿನ ಕೆಲಸ. ಅಸಿಟೋನ್ ಬೆರೆಸಿದ ಆಲ್ಕೋಹಾಲಾದರೆ ಕೆಲವೇ ಸೆಕೆಂಡು. ಅಸಿಟೋನ್ ಎಥನಾಲಿಗಿಂತ ಬಹಳ ಚುರುಕು, ಕಲಿಯುವವರು ಅದರಿಂದ ದೂರವಿದ್ದರೆ ಕ್ಷೇಮ. ನಿಮ್ಮ ಸೀಸೆಯಲ್ಲಿ ಯಾವುದಿದೆ ಎಂದು ಚೀಟಿ ಓದಿಯೇ ಶುರುಮಾಡಿ.

ನೀರು ಬಿಡುವುದು ಶುದ್ಧಿಗಾಗಿಯಲ್ಲ. ಸ್ಲೈಡಿನ ಮೇಲೆ ಎಥನಾಲ್ ಉಳಿದಿರುವಷ್ಟು ಹೊತ್ತು ಬಣ್ಣ ಹೋಗುತ್ತಲೇ ಇರುತ್ತದೆ. ಸೀಸೆ ಕೆಳಗಿಟ್ಟು, ಪಕ್ಕದವರನ್ನು "ಸಾಕಾ?" ಎಂದು ಕೇಳಿ, ಆಮೇಲೆ ನಲ್ಲಿಗೆ ಹೋಗುವಷ್ಟರಲ್ಲಿ ಮೊಸರಿನ ಕೋಶಗಳು ಬಣ್ಣ ಬಿಟ್ಟಿರುತ್ತವೆ.

ದಪ್ಪ ಲೇಪದ ದುರಂತ ಬಯಲಾಗುವುದೂ ಇಲ್ಲಿಯೇ. ಲೇಪದ ನಡುವೆ ಒಂದು ಗಂಟು ಇದ್ದರೆ ಅದು ನೇರಳೆಯನ್ನು ಉಗುಳುತ್ತಲೇ ಇರುತ್ತದೆ, ಹನಿ ನಿರ್ಬಣ್ಣವಾಗುವುದೇ ಇಲ್ಲ. ನೀವು ಗಂಟಿನ ಬೆನ್ನುಹತ್ತಿ ಎಥನಾಲ್ ಸುರಿಯುತ್ತೀರಿ. ಅಷ್ಟರಲ್ಲಿ ಸುತ್ತಲಿನ ತೆಳು ಭಾಗದ ಕೋಶಗಳು ಪೂರ್ತಿ ಬರಿದಾಗಿರುತ್ತವೆ. ಕೊನೆಗೆ ಸೂಕ್ಷ್ಮದರ್ಶಕದಲ್ಲಿ ಗಂಟಿನಲ್ಲಿ ಎಲ್ಲವೂ ನೇರಳೆ, ಅಂಚಿನಲ್ಲಿ ಎಲ್ಲವೂ ಗುಲಾಬಿ, ಎರಡೂ ಸುಳ್ಳು. 20 ಸೆಕೆಂಡು ದಾಟಿಯೂ ಬಣ್ಣ ಇಳಿಯುತ್ತಿದ್ದರೆ ಲೇಪ ದಪ್ಪವಾಗಿದೆ ಎಂದು ಒಪ್ಪಿಕೊಂಡು ನೀರು ಬಿಡಿ. ಆ ಸ್ಲೈಡನ್ನು ಅಭ್ಯಾಸಕ್ಕೆ ನೋಡಬಹುದು, ಫಲಿತಾಂಶಕ್ಕಲ್ಲ.

## ಹಂತ 8: ಸಫ್ರಾನಿನ್, ಅರ್ಧದಿಂದ 1 ನಿಮಿಷ

ಬಣ್ಣ ಕಳೆದುಕೊಂಡ ಕೋಶಗಳು ಕಾಣಲೆಂದು ಈ ಕೆಂಪು ಬಣ್ಣ. ಅರ್ಧ ನಿಮಿಷದಿಂದ ಒಂದು ನಿಮಿಷ ಬಿಟ್ಟು ತೊಳೆಯಿರಿ. ಬ್ಲಾಟಿಂಗ್ ಪೇಪರ್ ನಡುವೆ ಇಟ್ಟು ಒತ್ತಿ, ಉಜ್ಜಬೇಡಿ. ಕೊನೆಯ ತೊಳೆತಕ್ಕೆ ಭಟ್ಟಿ ನೀರನ್ನೇ ಬಳಸಿ. ಬಯಲುಸೀಮೆಯ ಕೊಳವೆಬಾವಿಗಳ ಗಡಸು ನೀರು ಒಣಗಿದರೆ ಉಪ್ಪಿನ ಹರಳು ಉಳಿಯುತ್ತದೆ, ಅವು 1000 ಪಟ್ಟು ಹಿಗ್ಗಿದಾಗ ಚೂಪು ಅಂಚಿನ ಮಿರುಗುವ ಕಡ್ಡಿಗಳಂತೆ ಕಾಣುತ್ತವೆ.

## ಹಂತ 9: ಮಸೂರದ ಕೆಳಗೆ

ಮೊದಲು ಲೇಪದ ಮುಖ ಮೇಲಿದೆಯೇ ನೋಡಿ. ತಲೆಕೆಳಗಾಗಿ ಇಟ್ಟರೆ 10ರ ಮಸೂರದಲ್ಲಿ ಚಿತ್ರ ಬರುತ್ತದೆ, 100ರಲ್ಲಿ ಏನು ಮಾಡಿದರೂ ಬರುವುದಿಲ್ಲ. ಅದರ ಕಾರ್ಯದೂರ, ಅಂದರೆ ಮಸೂರದ ತುದಿಯಿಂದ ನೋಡುವ ವಸ್ತುವಿನವರೆಗಿನ ಅಂತರ, ಗಾಜಿನ ದಪ್ಪವನ್ನು ದಾಟಲಾರದು.

10ರ ಮಸೂರದಲ್ಲಿ ಬಣ್ಣದ ಜಾಗ ಹುಡುಕಿ, 40ರಲ್ಲಿ ಕೋಶಗಳು ಒಂದರ ಮೇಲೊಂದು ಬೀಳದ ತೆಳು ಭಾಗಕ್ಕೆ ಬನ್ನಿ. ಮಸೂರವನ್ನು ಪಕ್ಕಕ್ಕೆ ತಿರುಗಿಸಿ, ಬೆಳಕು ಬೀಳುವ ಬಿಂದುವಿಗೆ ಒಂದೇ ಹನಿ ಎಣ್ಣೆ ಬಿಟ್ಟು 100ನ್ನು ತನ್ನಿ. ಇನ್ನು ಮೇಲೆ ಸೂಕ್ಷ್ಮ ತಿರುಪು ಮಾತ್ರ. ದೊಡ್ಡ ತಿರುಪು ಮುಟ್ಟಿದರೆ ಸ್ಲೈಡ್ ಬಿರಿಯಬಹುದು, ಮಸೂರಕ್ಕೂ ಗೀರು ಬೀಳಬಹುದು. ಕಂಡೆನ್ಸರ್ (ಸ್ಲೈಡಿನ ಕೆಳಗೆ ಬೆಳಕು ಕೂಡಿಸುವ ಮಸೂರ) ಪೂರ್ತಿ ಮೇಲಕ್ಕೆ, ಬೆಳಕಿನ ಕಿಂಡಿ ಅಗಲವಾಗಿ. ಬಣ್ಣ ಹಾಕದ ಹಸಿ ಮಾದರಿಗೆ ಕಿಂಡಿ ಕಿರಿದು ಮಾಡುವ ಅಭ್ಯಾಸವನ್ನು ಇಲ್ಲಿ ಮುಂದುವರಿಸಿದರೆ ಗುಲಾಬಿಯೂ ಕಪ್ಪುನೇರಳೆಯಂತೆ ಕಾಣುತ್ತದೆ.

ಎಣ್ಣೆಯ ಕೆಲಸ ಜಾರಿಸುವುದಲ್ಲ. ಬೆಳಕು ಎಷ್ಟು ಬಾಗುತ್ತದೆಂದು ಹೇಳುವ ವಕ್ರೀಭವನ ಸೂಚ್ಯಂಕ ಗಾಜಿಗೆ ಸುಮಾರು 1.52, ಗಾಳಿಯದು 1. ನಡುವೆ ಗಾಳಿ ಇದ್ದರೆ ಓರೆ ಕಿರಣಗಳು ಬಾಗಿ ಮಸೂರದ ಹೊರಗೆ ಹೋಗುತ್ತವೆ. ಸಿಡಾರ್ ಅಥವಾ ಸಂಶ್ಲೇಷಿತ ಎಣ್ಣೆಯ ಸೂಚ್ಯಂಕ ಗಾಜಿಗೆ ಸಮೀಪ. ತೆಂಗಿನೆಣ್ಣೆಯದು 1.45ರ ಆಸುಪಾಸು, ಚಿತ್ರ ಬಂದೀತು, ಚೂಪಾಗಿ ಬಾರದು, ಮೇಲಾಗಿ ಚಳಿಗಾಲದ ಬೆಳಿಗ್ಗೆ ಮಸೂರದ ಮೇಲೆಯೇ ಹೆಪ್ಪುಗಟ್ಟೀತು. ಎಣ್ಣೆ ಹಾಕಿದ ಮೇಲೆ 40ಕ್ಕೆ ಹಿಂದಿರುಗಬೇಡಿ. ಅದು ಎಣ್ಣೆಯಲ್ಲಿ ಅದ್ದಿಹೋಗುತ್ತದೆ, ಮುಂದಿನ ವಿದ್ಯಾರ್ಥಿ ವಾರಗಟ್ಟಲೆ ಮಂಜು ನೋಡಬೇಕಾಗುತ್ತದೆ. ಕೆಲಸ ಮುಗಿದ ಕೂಡಲೇ ಮಸೂರದ ಕಾಗದದಿಂದ ಒರೆಸಿ, ಕರವಸ್ತ್ರದಿಂದಲ್ಲ.

## ಹಂತ 10: ಓದುವ ಕ್ರಮ

ಮೊದಲು ಬಲ ವೃತ್ತ. ಕೆನ್ನೆಯ ಕೋಶ ಹುಡುಕುವುದು ಸುಲಭ, ಅದು ಸುಮಾರು 50 ಮೈಕ್ರೋಮೀಟರ್ ಅಗಲದ ಮಡಿಕೆಬಿದ್ದ ಹಾಳೆಯಂತಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನೋಡುವ ಮಸೂರದ (ಐಪೀಸ್) ಮೇಲೆ 18 ಎಂದು ಬರೆದಿದ್ದರೆ 100ರ ಮಸೂರದಲ್ಲಿ ಕಾಣುವ ಇಡೀ ವೃತ್ತದ ಅಗಲ 180 ಮೈಕ್ರೋಮೀಟರ್, ಅಂದರೆ ಒಂದು ಕೆನ್ನೆಯ ಕೋಶ ಅದರ ಕಾಲುಭಾಗಕ್ಕಿಂತ ತುಸು ಹೆಚ್ಚು ಜಾಗ ಹಿಡಿಯುತ್ತದೆ. ಅದರ ಮೇಲೆ ಅಂಟಿದ ಸಾಸಿವೆಗಿಂತ ಸಣ್ಣ ಚುಕ್ಕಿಗಳೇ ಬ್ಯಾಕ್ಟೀರಿಯಾಗಳು, ಒಂದೊಂದೂ ಸುಮಾರು 1 ಮೈಕ್ರೋಮೀಟರ್. ಕೋಶಕೇಂದ್ರವಿರುವ ಜೀವಕೋಶಕ್ಕೂ ಅದಿಲ್ಲದ ಜೀವಕೋಶಕ್ಕೂ ಇರುವ ಅಂತರ ಒಂದೇ ನೋಟದಲ್ಲಿ ಸಿಗುವುದು ಇಲ್ಲಿ. ಕೋಶಕೇಂದ್ರ ಗುಲಾಬಿ ಇರಬೇಕು, ಸುತ್ತಮುತ್ತ ನೇರಳೆ ದುಂಡಾಣುಗಳೂ (ದುಂಡನೆಯ ಬ್ಯಾಕ್ಟೀರಿಯಾ) ತೆಳ್ಳಗಿನ ಗುಲಾಬಿ ಕಡ್ಡಿಗಳೂ ಇರಬೇಕು. ಮೂರೂ ಕಂಡರೆ ಪರೀಕ್ಷೆ ಪಾಸಾಗಿದೆ.

ಈಗ ಎಡ ವೃತ್ತ. ನೇರಳೆ ದುಂಡಾಣುಗಳು ಜೋಡಿಯಾಗಿ ಅಥವಾ ಚಿಕ್ಕ ಸರಪಳಿಯಾಗಿ ಕಂಡರೆ ಅವು ಲ್ಯಾಕ್ಟೋಕಾಕಸ್ ಅಥವಾ ಸ್ಟ್ರೆಪ್ಟೋಕಾಕಸ್ ಬಗೆಯವು. ನೇರಳೆ ಕಡ್ಡಿಗಳು ಲ್ಯಾಕ್ಟೋಬ್ಯಾಸಿಲಸ್ ಬಗೆಯವು. ಬಣ್ಣ ಮತ್ತು ಆಕಾರ ಇಷ್ಟನ್ನೇ ಹೇಳುತ್ತವೆ. ದಾಖಲೆ ಪುಸ್ತಕದಲ್ಲಿ ಜಾತಿಯ ಹೆಸರು ಬರೆದು ಅಂಕ ಕಳೆದುಕೊಳ್ಳಬೇಡಿ. "ಗ್ರಾಂ ಪಾಸಿಟಿವ್ ದುಂಡಾಣು, ಸರಪಳಿ ಜೋಡಣೆ" ಎಂದರೆ ಸಾಕು. ಮನೆಯ ಹೆಪ್ಪಿನಲ್ಲಿ ಬ್ಯಾಕ್ಟೀರಿಯಾಕ್ಕಿಂತ ಐದಾರು ಪಟ್ಟು ದೊಡ್ಡದಾದ, ಮೊಗ್ಗು ಬಿಟ್ಟ ಮೊಟ್ಟೆಯಾಕಾರದ ನೇರಳೆ ಕೋಶಗಳೂ ಸಿಗಬಹುದು. ಅವು ಯೀಸ್ಟ್, ಬ್ಯಾಕ್ಟೀರಿಯಾ ಅಲ್ಲ, ಆದರೂ ದಪ್ಪ ಭಿತ್ತಿಯ ಕಾರಣ ನೇರಳೆಯನ್ನು ಉಳಿಸಿಕೊಳ್ಳುತ್ತವೆ.

## ಎಲ್ಲಿ ತಪ್ಪಿತೆಂದು ಪತ್ತೆ ಹಚ್ಚುವುದು

ಎರಡೂ ವೃತ್ತಗಳಲ್ಲಿ ಎಲ್ಲವೂ ಗುಲಾಬಿ. ಆಲ್ಕೋಹಾಲ್ ಹೆಚ್ಚಾಗಿದೆ, ಇಲ್ಲವೇ ಅಯೋಡಿನ್ ಸತ್ತಿದೆ. ಗಂಜಿಯ ಪರೀಕ್ಷೆ ಮಾಡಿ ಎರಡರಲ್ಲಿ ಯಾವುದೆಂದು ತಿಳಿಯಿರಿ. ಸ್ಲೈಡನ್ನು ಜ್ವಾಲೆಯಲ್ಲಿ ಸುಟ್ಟಿದ್ದರೂ ಹೀಗಾಗುತ್ತದೆ.

ಬಲ ವೃತ್ತ ಸರಿಯಿದೆ, ಮೊಸರು ಮಾತ್ರ ಗುಲಾಬಿ ಅಥವಾ ಮಿಶ್ರ. ನಿಮ್ಮ ಕೈಕೆಲಸ ಚೆನ್ನಾಗಿದೆ, ಮೊಸರು ಹಳೆಯದು. ರಾತ್ರಿ ಹೆಪ್ಪು ಹಾಕಿ ಮತ್ತೆ ಮಾಡಿ. ಎರಡು ಲೇಪಗಳ ದಪ್ಪ ಒಂದೇ ಸಮ ಇತ್ತೇ ಎಂಬುದನ್ನೂ ನೋಡಿ.

ಕೆನ್ನೆಯ ಕೋಶಕೇಂದ್ರವೂ ನೇರಳೆ. ಆಲ್ಕೋಹಾಲ್ ಸಾಲದಾಗಿದೆ. ಸ್ಲೈಡಿನ ಮೇಲೆ ನೀರು ನಿಂತಿತ್ತೇ? ಎಥನಾಲಿನ ಸೀಸೆಯ ಮುಚ್ಚಳ ತೆರೆದೇ ಇತ್ತೇ? ತೆರೆದಿಟ್ಟ ಎಥನಾಲ್ ಆವಿಯಾಗುತ್ತದೆ, ಗಾಳಿಯ ತೇವವನ್ನೂ ಹೀರಿ ಕ್ಷೀಣವಾಗುತ್ತದೆ.

ಗುಲಾಬಿ ಮಂಜಿನ ನಡುವೆ ಅಲ್ಲೊಂದು ಇಲ್ಲೊಂದು ನೇರಳೆ. ಮಂಜು ಕೇಸೀನ್. ತಿಳಿಗೆ ಇನ್ನಷ್ಟು ನೀರು ಸೇರಿಸಿ.

ಖಾಲಿ ಗಾಜು. ಲೇಪ ತೊಳೆದುಹೋಗಿದೆ: ಒಣಗುವ ಮೊದಲೇ ಬಣ್ಣ ಹಾಕಿದ್ದೀರಿ, ಅಥವಾ ಜಿಡ್ಡು ಉಳಿದಿತ್ತು, ಅಥವಾ ನಲ್ಲಿಯ ಧಾರೆ ಬಿರುಸಾಗಿತ್ತು.

ಕಡುನೇರಳೆ ಸೂಜಿಗಳು, ಗಾತ್ರ ಒಂದೊಂದೂ ಬೇರೆ. ಬಣ್ಣದ ಹರಳು. ಕ್ರಿಸ್ಟಲ್ ವಯಲೆಟ್ ಸೋಸಿ.

ಅಗಾರಿನ ಮೇಲೆ ಬೆಳೆದ ಕಾಲೊನಿ (ಬ್ಯಾಕ್ಟೀರಿಯಾಗಳ ಗುಂಪು) ಪ್ರಯೋಗಾಲಯದಲ್ಲಿ ಸಿಕ್ಕರೆ ಬಣ್ಣವಿಲ್ಲದೆಯೂ ಒಂದು ತಾಳೆ ನೋಡಬಹುದು. ಸ್ಲೈಡಿನ ಮೇಲೆ ಒಂದು ಹನಿ 3% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ, ಕಾಲೊನಿಯ ಸ್ವಲ್ಪ ಭಾಗವನ್ನು ಅದರಲ್ಲಿ ಒಂದು ನಿಮಿಷ ಕಲಕಿ ಲೂಪನ್ನು ಮೇಲೆತ್ತಿ. ಲೋಳೆಯ ಎಳೆ ಏಳುತ್ತ ಬಂದರೆ ಗ್ರಾಂ ನೆಗೆಟಿವ್: ತೆಳು ಭಿತ್ತಿ ಕ್ಷಾರದಲ್ಲಿ ಒಡೆದು ಡಿಎನ್‌ಎ ಹೊರಬಂದಿದೆ. ನೀರಾಗಿಯೇ ಉಳಿದರೆ ಗ್ರಾಂ ಪಾಸಿಟಿವ್. ಮೊಸರನ್ನು ನೇರವಾಗಿ ಹಾಕಿ ಇದನ್ನು ಮಾಡಲಾಗದು, ಹಾಲಿನ ಪ್ರೋಟೀನು ಕ್ಷಾರದಲ್ಲಿ ತಾನೇ ಅಂಟಂಟಾಗುತ್ತದೆ.

ಕೆಲವು ಜೀವಿಗಳಿಗೆ ಈ ಪರೀಕ್ಷೆಯೇ ಹೊಂದುವುದಿಲ್ಲ. ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾಕ್ಕೆ ಕೋಶಭಿತ್ತಿ ಇಲ್ಲ. ಕ್ಷಯದ ಮೈಕೋಬ್ಯಾಕ್ಟೀರಿಯಂ ಭಿತ್ತಿಯಲ್ಲಿ ಮೇಣದಂತಹ ಮೈಕೋಲಿಕ್ ಆಮ್ಲ ತುಂಬಿದ್ದು ಬಣ್ಣ ಒಳಹೋಗುವುದೇ ಕಷ್ಟ, ಅದಕ್ಕೆ ಆಮ್ಲನಿರೋಧಿ ಬಣ್ಣ ಪರೀಕ್ಷೆ ಬೇರೆ ಇದೆ. ವೈದ್ಯಕೀಯ ಮಾದರಿಗಳನ್ನು ಈ ಮಾರ್ಗದರ್ಶಿ ಹಿಡಿದುಕೊಂಡು ಮುಟ್ಟಬೇಡಿ.

## ಮೇಜು ಒರೆಸುವ ಮೊದಲು

ನೋಡಿ ಮುಗಿದ ಸ್ಲೈಡ್ ಮತ್ತು ಹಲ್ಲುಕಡ್ಡಿಯನ್ನು ಬ್ಲೀಚ್ ದ್ರಾವಣವಿರುವ ಅಗಲ ಬಾಯಿಯ ಪಾತ್ರೆಗೆ ಹಾಕಿ. ಬಸಿದ ಎಥನಾಲ್, ಅಸಿಟೋನ್ ಆ ಪಾತ್ರೆಗೆ ಬೀಳಬಾರದು. ಬ್ಲೀಚಿನ ಜೊತೆ ಸೇರಿ ಕ್ಲೋರೋಫಾರ್ಮ್‌ನಂತಹ ಹಾನಿಕರ ವಸ್ತುಗಳು ಹುಟ್ಟುತ್ತವೆ. ಅವುಗಳಿಗೆ ಬೇರೆ ಸೀಸೆ ಇಡಿ. ಈ ಕೆಲಸಕ್ಕೆ ಬಳಸಿದ ತಟ್ಟೆ, ಚಮಚ, ಬಟ್ಟಲು ಮತ್ತೆ ಅಡುಗೆಮನೆಗೆ ಹೋಗಬಾರದು. ಸೀಸೆಗಳ ಮೇಲೆ ತಯಾರಿಸಿದ ದಿನಾಂಕ ಬರೆದಿಡಿ. ಮುಂದಿನ ಸಲ ಮೊದಲು ಓದಬೇಕಾದುದು ಅಯೋಡಿನ್ ಸೀಸೆಯದು.